ಕೆಲಸ ಮುಗಿದರೂ ದುಡ್ಡು ಬರಲಿಲ್ಲವೇ? ಕ್ಯಾಲಿಫೋರ್ನಿಯಾದ ಹೊಸ ಕಾಂಟ್ರಾಕ್ಟರುಗಳಿಗೆ

ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಜನರಲ್ ಕಾಂಟ್ರಾಕ್ಟರ್ ಲೈಸೆನ್ಸ್ ತೆಗೆದುಕೊಂಡು ಮನೆ ಕೆಲಸ ಹಿಡಿದಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ಮೊದಮೊದಲ ಕೆಲಸಗಳು ಹೆಚ್ಚಾಗಿ ಗುರುತಿನವರದ್ದೇ ಆಗಿರುತ್ತವೆ. ಅಡುಗೆಮನೆ ರೆಡಿಯಾಗುತ್ತದೆ, ಕೊನೆಯ ಕಂತು ಮಾತ್ರ ಬರುವುದಿಲ್ಲ. "ಮುಂದಿನ ವಾರ ಕೊಡ್ತೀನಿ" ಅಂತಾರೆ. ಕನ್ನಡ ಕೂಟದಲ್ಲಿ ಮತ್ತೆ ಮುಖ ನೋಡಬೇಕಲ್ಲ ಅಂತ ನಾವೂ ಸುಮ್ನಿರುತ್ತೇವೆ. ಹಾಗೆ ಸುಮ್ನಿದ್ದರೆ ಕೈಯಲ್ಲಿರುವ ದೊಡ್ಡ ಹಕ್ಕೇ ತಪ್ಪಿಹೋಗುತ್ತದೆ.

ಅದೇ ಮೆಕ್ಯಾನಿಕ್ಸ್ ಲೀನ್, ಅಂದರೆ ಮಾಡಿದ ಕೆಲಸದ ಬಾಕಿಗಾಗಿ ಆ ಮನೆಯ ಮೇಲೆಯೇ ಹಾಕುವ ಹಕ್ಕು. ಈ ರಾಜ್ಯದ ಸಂವಿಧಾನದಲ್ಲೇ ಇರುವ ಹಕ್ಕು. ಊರಲ್ಲಿ ಸೈಟು ಕೊಳ್ಳುವ ಮೊದಲು ಇ.ಸಿ. ತೆಗೆಸಿ ಸಾಲ ಇದೆಯಾ ನೋಡ್ತೀವಲ್ಲ, ಹಾಗೆ ಇಲ್ಲಿ ಮನೆಯ ದಾಖಲೆಯಲ್ಲಿ ನಿಮ್ಮ ಬಾಕಿ ಕಾಣಿಸುತ್ತದೆ. ಅದು ಇರುವ ತನಕ ಮನೆ ಮಾರುವುದಾಗಲಿ ರೀಫೈನಾನ್ಸ್ ಮಾಡಿಸುವುದಾಗಲಿ ಸುಲಭವಲ್ಲ.

ಎಲ್ಲಾ ನಿಂತಿರುವುದು ತಾರೀಖಿನ ಮೇಲೆ. ಓನರ್ ಜೊತೆ ನೀವೇ ಒಪ್ಪಂದ ಮಾಡಿಕೊಂಡಿದ್ದರೆ, ಕೆಲಸ ಮುಗಿದ 90 ದಿನದೊಳಗೆ ಲೀನ್ ರೆಕಾರ್ಡ್ ಆಗಬೇಕು. ಫ್ರೀಮಾಂಟ್ ಮನೆಯಾದರೆ ಅಲಮೀಡಾ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ, ಸನಿವೇಲ್ ಆದರೆ ಸಾಂಟಾ ಕ್ಲಾರಾದಲ್ಲಿ. ಆದರೆ ಓನರ್ 'ನೋಟಿಸ್ ಆಫ್ ಕಂಪ್ಲೀಷನ್' (ಕೆಲಸ ಮುಗಿದಿದೆ ಎಂಬ ನೋಟಿಸು) ರೆಕಾರ್ಡ್ ಮಾಡಿಸಿದರೆ ಅಲ್ಲಿಂದ 60 ದಿನ ಅಷ್ಟೇ. ಅವರು ತಾವೇ ವಾಸವಿರುವ ಮನೆಯಾದರೆ ಅದನ್ನು ನಿಮಗೆ ತಿಳಿಸಬೇಕೆಂಬ ಕಡ್ಡಾಯವೂ ಇಲ್ಲ. ಆದ್ದರಿಂದ ದುಡ್ಡು ತಡವಾಯಿತು ಅನ್ನಿಸಿದ ಕೂಡಲೇ ಕೌಂಟಿ ದಾಖಲೆ ಹುಡುಕಿ ನೋಡಿ. ನೀವು ಇನ್ನೊಬ್ಬ ಕಾಂಟ್ರಾಕ್ಟರ್ ಕೈಕೆಳಗೆ ಮಾಡಿದ ಕೆಲಸಕ್ಕೆ ನಿಯಮ ಬೇರೆ, ಗಡುವು ಇನ್ನೂ ಬಿಗಿ.

ಲೀನ್‌ನಲ್ಲಿ ಬಾಕಿ ಮೊತ್ತವನ್ನಷ್ಟೇ ಬರೆಯಿರಿ. ಬಂದ ಅಡ್ವಾನ್ಸ್ ಕಳೆಯಿರಿ. ವಕೀಲರ ಫೀಸು, ಲಾಭದ ನಷ್ಟ ಸೇರಿಸಬೇಡಿ. ಮೋಸದ ಉದ್ದೇಶದಿಂದ ಲೆಕ್ಕ ಉಬ್ಬಿಸಿದ್ದು ಸಾಬೀತಾದರೆ ಇಡೀ ಲೀನೇ ಬಿದ್ದುಹೋಗಬಹುದು. ಓನರ್‌ಗೆ ಅದರ ಪ್ರತಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಪ್ರತಿ ಕಳಿಸದ ಲೀನ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಲೀನ್ ಹಾಕಿಯಾಯಿತು ಅಂತ ಇಲ್ಲಿ ಕೈಕಟ್ಟಿ ಕೂರಬೇಡಿ. ರೆಕಾರ್ಡ್ ಆದ 90 ದಿನದೊಳಗೆ ಸುಪೀರಿಯರ್ ಕೋರ್ಟಿನಲ್ಲಿ ದಾವೆ ಹೂಡದಿದ್ದರೆ ಅದಕ್ಕೆ ಬೆಲೆಯಿಲ್ಲ. ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಈ ಕೆಲಸ ಆಗುವುದಿಲ್ಲ. 90 ದಿನ ತುಂಬಲು ಒಂದು ತಿಂಗಳು ಬಾಕಿ ಇರುವಾಗಲೇ ನಿರ್ಮಾಣ ವಿಷಯ ಬಲ್ಲ ವಕೀಲರನ್ನು ಕಾಣಿ. ಇದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ.

ಲೈಸೆನ್ಸ್ ಇಲ್ಲದೆ ದೊಡ್ಡ ಕೆಲಸ ಹಿಡಿದರೆ ಲೀನ್ ದೂರದ ಮಾತು, ಓನರ್ ಕೊಟ್ಟ ದುಡ್ಡನ್ನೂ ವಾಪಸ್ ಕೇಳಬಹುದು. ಮಧ್ಯದಲ್ಲಿ ಲೈಸೆನ್ಸ್ ಲ್ಯಾಪ್ಸ್ ಆಗದಂತೆ ನೋಡಿಕೊಳ್ಳಿ.

ಇನ್ನೊಂದು ಜಾಗ್ರತೆ. ಕೆಲವರು ಚೆಕ್ ಕೈಗಿಡುವಾಗ "ಇದಕ್ಕೊಂದು ಸೈನ್ ಹಾಕಿ" ಅಂತ ಕಾಗದ ಮುಂದಿಡುತ್ತಾರೆ. ತಲೆಬರಹ ಓದಿ. 'ಅನ್‌ಕಂಡೀಷನಲ್ ವೇವರ್' ಎಂದಿದ್ದರೆ, ಚೆಕ್ ಬೌನ್ಸ್ ಆದರೂ ಆ ಮೊತ್ತಕ್ಕೆ ಲೀನ್ ಹಕ್ಕು ಬಿಟ್ಟುಕೊಟ್ಟ ಹಾಗೆ. ದುಡ್ಡು ಬಂದರೆ ಮಾತ್ರ ಹಕ್ಕು ಬಿಡುವ 'ಕಂಡೀಷನಲ್' ಫಾರಂ ಕೇಳಿ ಅದಕ್ಕೆ ಸಹಿ ಮಾಡಿ. ದುಡ್ಡು ನಿಮ್ಮ ಖಾತೆಗೆ ಪೂರ್ತಿ ಜಮಾ ಆದ ಮೇಲೆ ಆ ಅನ್‌ಕಂಡೀಷನಲ್ ಫಾರಂಗೆ ಸಹಿ ಹಾಕಿ. ಲೀನ್ ಹಾಕಿದ್ದರೆ ಆಗಲೇ ಅದರ ರಿಲೀಸನ್ನೂ (ಲೀನ್ ತೆಗೆಯುವ ಪತ್ರ) ರೆಕಾರ್ಡ್ ಮಾಡಿಸಿ.