ಹದಿನಾರು ಪುಟದ ಕಾಮಿಕ್ಸ್ ಮನೆಯಲ್ಲೇ ಮಾಡುವುದು ಹೀಗೆ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸು ಜಾಸ್ತಿ, ಹಾಗಾಗಿ ಝೆರಾಕ್ಸ್ ಅಂಗಡಿಗಳೂ ಜಾಸ್ತಿ. ನನ್ನ ಕಾಮಿಕ್ಸ್ ಪುಸ್ತಕಗಳೆಲ್ಲ ಹುಟ್ಟಿದ್ದು ಅಲ್ಲೇ, ಪರೀಕ್ಷೆಯ ನೋಟ್ಸುಗಳ ನಡುವೆ. ಹಗಲು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಟೇಬಲ್ ಒರೆಸಿ ಚಿತ್ರ ಬರೆಯಲು ಕೂರುತ್ತೇನೆ. ಆರು ವರ್ಷದಲ್ಲಿ ಒಂಬತ್ತು ಪುಸ್ತಕ ಆಗಿವೆ. ಹೇಗೆ ಮಾಡ್ತೀರಿ ಎಂದು ಕೇಳುವ ಕಾಲೇಜಿನ ಹುಡುಗ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ದಿನವೇ ನೂರು ಪುಟದ ಕಥೆಗೆ ಕೈ ಹಾಕಬೇಡಿ. ಒಂದು ಎ4 ಹಾಳೆಯಿಂದ ಶುರು ಮಾಡಿ. ಅದನ್ನು ಉದ್ದಕ್ಕೆ ಒಮ್ಮೆ ಮಡಚಿ ಬಿಡಿಸಿ. ಆಮೇಲೆ ಅಡ್ಡಕ್ಕೆ ಒಮ್ಮೆ, ಅದೇ ದಿಕ್ಕಿಗೆ ಇನ್ನೊಮ್ಮೆ ಮಡಚಿ ಬಿಡಿಸಿ. ಎಂಟು ಮನೆ ಕಾಣುತ್ತವೆ. ಈಗ ಅಡ್ಡಕ್ಕೆ ಅರ್ಧ ಮಡಚಿ, ಮಡಿಕೆ ಇರುವ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿ ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟುಕೊಂಡು ಅಂಗೈಯಗಲದ ಎಂಟು ಪುಟದ ಪುಸ್ತಕ ಆಗುತ್ತದೆ. ಒಂದು ಪುಟ 74 ಮಿಲಿಮೀಟರ್ ಅಗಲ, 105 ಎತ್ತರ. ಚಿತ್ರ ಬರೆಯುವ ಮೊದಲು ಖಾಲಿ ಪುಸ್ತಕಕ್ಕೇ ಪೆನ್ಸಿಲ್ಲಿನಲ್ಲಿ 1ರಿಂದ 8 ನಂಬರ್ ಹಾಕಿ, ಬಿಡಿಸಿ ನೋಡಿ. ಒಂದು ಸಾಲಿನ ಪುಟಗಳು ತಲೆಕೆಳಗಾಗಿರುತ್ತವೆ. ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಳ್ಳಿ, ಮುಂದೆ ಯಾವಾಗಲೂ ಬೇಕಾಗುತ್ತದೆ. ಇಂಥ ಮೂರು ಪುಸ್ತಕ ಮುಗಿಸಿದ ಮೇಲೆ ಹದಿನಾರು ಪುಟಕ್ಕೆ ಬನ್ನಿ.

ಯಾರ ಕಥೆ?

ನಾನು ಬರೆದ ಮೊದಲ ಕಥೆ ನನ್ನದಲ್ಲ. ಬಾಲಮಂಗಳ ಎಂಬ ಮಕ್ಕಳ ಪತ್ರಿಕೆಯ ಕಾಮಿಕ್ಸ್ ನಾಯಕ ಡಿಂಗ ನಮ್ಮ ಓಣಿಗೆ ಬಂದರೆ ಏನಾಗುತ್ತದೆ ಎಂದು ನಾಲ್ಕನೇ ಕ್ಲಾಸಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿದ್ದೆ. ಇದಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎಂದು ಗೊತ್ತಾಗಿದ್ದು ತುಂಬಾ ವರ್ಷ ಆದಮೇಲೆ. ಇನ್ನೊಬ್ಬರ ಪಾತ್ರದ ಮೇಲೆ ಪ್ರೀತಿ ಉಕ್ಕಿ ಕಥೆ ಮುಂದುವರಿಸುವುದು ಕಡಿಮೆ ದರ್ಜೆಯ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೋಕಿಯೊದಲ್ಲಿ ಕಾಮಿಕ್ ಮಾರ್ಕೆಟ್ ಎಂಬ ಸಂತೆ ಇದೆ. 1975ರ ಡಿಸೆಂಬರಿನಲ್ಲಿ ಅದು ಶುರುವಾದಾಗ ಬಂದಿದ್ದು 32 ಗುಂಪುಗಳು, ಸುಮಾರು 700 ಜನ. ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿ ಮಾರಾಟವಾಗುವುದು ಸ್ವಂತ ಖರ್ಚಿನಲ್ಲಿ ಮಾಡಿದ ಪುಸ್ತಕಗಳು, ಅವುಗಳಲ್ಲಿ ಬಹಳಷ್ಟು ಇನ್ನೊಬ್ಬರ ಪಾತ್ರಗಳ ಕಥೆಗಳೇ.

ಆದರೆ ಒಂದು ವಿಷಯದಲ್ಲಿ ಎಚ್ಚರ ಇರಲಿ. ನಮ್ಮ ದೇಶದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆ. ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ ಲೆಕ್ಕ ಹಾಕಿ 60 ವರ್ಷ ಅವರ ಬರಹದ ಹಕ್ಕು ಮನೆಯವರಿಗೋ ಪ್ರಕಾಶಕರಿಗೋ ಇರುತ್ತದೆ. ಅಲ್ಲಿಯವರೆಗೆ ಆ ಪಾತ್ರ ಬಳಸಿ ಪುಸ್ತಕ ಮಾರಬೇಕಾದರೆ ಒಪ್ಪಿಗೆ ಕೇಳಬೇಕು. ಸುಮ್ನೆ ಹಂಚಿದ್ದು, ದುಡ್ಡು ತೆಗೆದುಕೊಂಡಿಲ್ಲ ಎಂದ ಮಾತ್ರಕ್ಕೆ ಅದು ಕಾನೂನಿಗೆ ಸರಿಹೋಗುವುದಿಲ್ಲ. ಬದುಕಿರುವ ಲೇಖಕರಾದರೆ ನಾನು ಒಂದು ಪತ್ರ ಬರೆದು ಕೇಳುತ್ತೇನೆ. ಒಬ್ಬರು ಬೇಡ ಎಂದರು, ಆ ಕಥೆ ನನ್ನ ಡ್ರಾಯರಿನಲ್ಲೇ ಉಳಿಯಿತು. ಅವರ ಪಾತ್ರ, ಅವರ ಮಾತು, ಅಷ್ಟೇ.

ಹಳೆಯ ಕನ್ನಡದಲ್ಲಿ ಈ ತೊಡಕಿಲ್ಲ. ನನಗೆ ಸಿಕ್ಕ ದೊಡ್ಡ ನಿಧಿ ಮುದ್ದಣ ಮತ್ತು ಮನೋರಮೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. 1901ರಲ್ಲಿ, ಇನ್ನೂ ಮೂವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. ಅವರು ‘ಶ್ರೀರಾಮಾಶ್ವಮೇಧ’ದಲ್ಲಿ ಬರೆದ ಮುದ್ದಣ, ಮನೋರಮೆ ಎಂಬ ಗಂಡ ಹೆಂಡತಿಯ ಮಾತುಕತೆ ಇಂದು ಎಲ್ಲರದು. ಮಳೆಗಾಲದ ಹೊತ್ತು, ಗಂಡ ಕಥೆ ಹೇಳುತ್ತಾನೆ, ಹೆಂಡತಿ ನಡುನಡುವೆ ಬಾಯಿ ಹಾಕುತ್ತಾಳೆ. ಕಾಮಿಕ್ಸಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ನಾನು ಅವರಿಬ್ಬರನ್ನು ಧಾರವಾಡದ ಸಾಧನಕೇರಿಯ ಬಾಡಿಗೆ ಮನೆಗೆ ತಂದೆ. ಮುದ್ದಣ ಇಲ್ಲೂ ಶಾಲೆಯ ಪಿಟಿ ಮೇಷ್ಟ್ರು. ಮನೋರಮೆ ರೊಟ್ಟಿ ತಟ್ಟುತ್ತಾ ಕಥೆ ಕೇಳುತ್ತಾಳೆ. ಒಂದು ಮಾತು ನೆನಪಿರಲಿ: ಹಕ್ಕು ಮುಗಿದಿರುವುದು ಮೂಲಕ್ಕೆ. ಈಚಿನವರು ಬರೆದ ಹೊಸಗನ್ನಡ ಅನುವಾದ, ಟಿಪ್ಪಣಿ, ಅದಕ್ಕೆ ಬರೆದ ಚಿತ್ರ ಇವೆಲ್ಲ ಅವರವರದ್ದು. ಮೂಲ ಓದಿ, ಅಲ್ಲಿಂದ ಹೊರಡಿ.

ಕಥೆ ಹುಡುಕುವಾಗ ಮೂಲದಲ್ಲಿ ಹೇಳದೆ ಬಿಟ್ಟ ಜಾಗ ನೋಡಿ. ಮುದ್ದಣ ಮನೆಯಲ್ಲಿ ಇಲ್ಲದಾಗ ಮನೋರಮೆ ಯಾರ ಜೊತೆ ಮಾತಾಡುತ್ತಾಳೆ? ಈ ಒಂದೇ ಪ್ರಶ್ನೆಯಿಂದ ನನ್ನ ಎರಡು ಪುಸ್ತಕ ಹುಟ್ಟಿದವು.

ಮಾತು ಮೊದಲು

ಎಲ್ಲಕ್ಕಿಂತ ಮುಖ್ಯ ಇದು. ಹೊಸಬರು ಚಿತ್ರ ಪೂರ್ತಿ ಮುಗಿಸಿ, ಉಳಿದ ಮೂಲೆಯಲ್ಲಿ ಮಾತು ತುರುಕುತ್ತಾರೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತವರಿಗೆ ಈ ಅಭ್ಯಾಸ ಇನ್ನೂ ಜಾಸ್ತಿ. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ನಮ್ಮ ಪದಗಳು ಉದ್ದ. ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಸಾಲು ಹತ್ತಿರ ಬಂದರೆ ‘ಸ್ತ್ರೀ’ಯ ಒತ್ತು ಕೆಳಗಿನ ‘ಕಿ’ಯ ತಲೆಗೆ ಬಡಿಯುತ್ತದೆ. ಅದಕ್ಕೆ ನಾನು ಪುಟಕ್ಕೆ ಚೌಕಗಳ ಗೆರೆ ಎಳೆದ ಕೂಡಲೇ ಮೊದಲು ಮಾತು ಬರೆಯುತ್ತೇನೆ. ಅಕ್ಷರದ ಎತ್ತರ 4 ಮಿಲಿಮೀಟರ್ ಇದ್ದರೆ ಸಾಲಿನ ನಡುವೆಯೂ 4 ಮಿಲಿಮೀಟರ್ ಬಿಡುತ್ತೇನೆ. ಅದರ ಸುತ್ತ ಬಲೂನಿನ ಗೆರೆ. ಉಳಿದ ಜಾಗದಲ್ಲಿ ಚಿತ್ರ. ಪದವನ್ನು ನಡುವೆ ಮುರಿದು ಮುಂದಿನ ಸಾಲಿಗೆ ತಳ್ಳಬೇಡಿ, ಓದುವವರ ಉಸಿರು ಅಲ್ಲೇ ತುಂಡಾಗುತ್ತದೆ. ಮೊದಲು ಮಾತಾಡುವವರು ಎಡಗಡೆ ನಿಲ್ಲಲಿ, ಅವರ ಬಲೂನು ಮೇಲಿರಲಿ.

ಇನ್ನು ಏನು ಬರೆಯುವುದು? ನನ್ನ ಮೊದಲ ಪುಸ್ತಕದಲ್ಲಿ ಒಬ್ಬಾಕೆ ಹೀಗೆ ಹೇಳುತ್ತಿದ್ದಳು: ‘ನಾನು ಈಗ ಮಾರುಕಟ್ಟೆಗೆ ಹೋಗುತ್ತಿದ್ದೇನೆ, ನಿಮಗೆ ಏನಾದರೂ ತರಬೇಕೆ?’ ಅವ್ವನಿಗೆ ಓದಿ ಹೇಳಿದೆ. ಅವ್ವ ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದು ಕೇಳಿದಳು: ‘ಹಿಂಗ ಯಾರವ್ವ ಮಾತಾಡ್ತಾರ? ಆಕಿ ಮಾತು ಮುಗಿಸೂದ್ರಾಗ ಹಾಲು ಉಕ್ಕಿ ಹೋಗ್ತೈತಿ.’ ಅವತ್ತೇ ಆ ಬಲೂನಿನ ಮೇಲೆ ಬಿಳಿ ಕಾಗದ ಅಂಟಿಸಿ ಬದಲಾಯಿಸಿದೆ: ‘ಪ್ಯಾಟಿಗೆ ಹೊಂಟೇನ್ರಿ. ಏನರ ತರ್ಲೇನು?’ ಬಲೂನು ಅರ್ಧ ಆಯಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಅಲ್ಲಿಯವರೆಗೆ ಬರೀ ಚಿತ್ರವಾಗಿದ್ದಾಕೆ ನಮ್ಮ ಓಣಿಯ ಹೆಂಗಸಾದಳು.

ನಿಮ್ಮದು ಮೈಸೂರಾದರೆ ‘ಅಂಗಡಿಗ್ ಹೋಗ್ತಿದೀನಿ, ಏನಾದ್ರೂ ಬೇಕಾ’ ಎನ್ನಲಿ. ಮಂಗಳೂರು, ಕಲಬುರಗಿ, ಕೊಳ್ಳೇಗಾಲ, ಯಾವ ಊರಿನ ಮಾತಾದರೂ ಸರಿ, ಕಿವಿಯಿಂದ ಕೇಳಿದ್ದನ್ನೇ ಬರೆಯಿರಿ. ಕೇಳದ ಊರಿನ ಮಾತನ್ನು ಸಿನಿಮಾ ನೋಡಿ ಬರೆಯಬೇಡಿ, ಆ ಊರಿನವರಿಗೆ ನೋವಾಗುತ್ತದೆ. ಮುದ್ದಣ ಭಾರವಾದ ಸಂಸ್ಕೃತ ಪದ ಸುರಿದಾಗ ಇದು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮನೋರಮೆ ದೂರುತ್ತಾಳೆ. ಪ್ರತಿ ಬಲೂನು ಬರೆದಾಗಲೂ ನನಗೆ ಅವಳ ದೂರು ನೆನಪಾಗುತ್ತದೆ. ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ಎಡವಿದ ಕಡೆ ತಿದ್ದಿ.

ಸದ್ದುಗಳ ವಿಷಯದಲ್ಲಿ ನಾವು ಶ್ರೀಮಂತರು. ಆದರೂ ಎಷ್ಟೋ ಕನ್ನಡ ಕಾಮಿಕ್ಸಿನಲ್ಲಿ ‘ಬೂಮ್’, ‘ಕ್ರ್ಯಾಶ್’ ಎಂದೇ ಇರುತ್ತದೆ, ನನಗೆ ಬೇಜಾರಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಬೇರೆ, ಧೋ ಎಂದು ಸುರಿಯುವ ಮಳೆ ಬೇರೆ, ತಗಡಿನ ಮೇಲೆ ಪಟಪಟ ಬೀಳುವುದೇ ಬೇರೆ. ಒಗ್ಗರಣೆಗೆ ಚುಂಯ್. ರೊಟ್ಟಿಗೆ ತಪ್ ತಪ್. ಓಡುವವರಿಗೆ ದಡದಡ, ಕದ್ದು ಹೋಗುವವರಿಗೆ ಪಿಳಿಪಿಳಿ ಕಣ್ಣು ಸಾಕು, ಸದ್ದೇ ಬೇಡ. ನಾನು ಒಂದು ಪುಟ್ಟ ಡೈರಿ ಇಟ್ಟಿದ್ದೇನೆ. ಬಸ್ಸಿನಲ್ಲಿ, ಸಂತೆಯಲ್ಲಿ ಕೇಳಿದ ಸದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಚಿತ್ರದಲ್ಲಿ ಅವನ್ನು ಬಲೂನಿಗೆ ಹಾಕದೆ ಸದ್ದು ಹುಟ್ಟಿದ ಜಾಗದಲ್ಲೇ ಬರೆಯುತ್ತೇನೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ಗಟ್ಟಿ ದನಿಗೆ ದಪ್ಪ ಪೆನ್ನು ಹಿಡಿಯಿರಿ, ಪಿಸುಮಾತಿಗೆ ತೆಳ್ಳಗಿನದು.

ಗೆರೆ, ಝೆರಾಕ್ಸ್, ಪಿನ್ನು

ಸಾಮಾನು ಹೆಚ್ಚೇನೂ ಬೇಡ. ಎಚ್‌ಬಿ ಪೆನ್ಸಿಲ್, ನೀರಿಗೆ ಹರಡದ 0.3 ಮತ್ತು 0.8ರ ಕಪ್ಪು ಪೆನ್ನು, ಸ್ಕೇಲು, ದಪ್ಪ ಬಿಳಿ ಹಾಳೆ. ಝೆರಾಕ್ಸಿಗೆ ಹೋಗುವ ಚಿತ್ರದಲ್ಲಿ ತೆಳು ಬೂದು ಬಣ್ಣ ಹಚ್ಚಬೇಡಿ, ಕಲೆ ಕಲೆಯಾಗಿ ಬರುತ್ತದೆ. ನೆರಳಿಗೆ ಅಡ್ಡಗೆರೆ ಅಥವಾ ಚುಕ್ಕಿ ಹಾಕಿ. ಅಂಚಿನ ಸುತ್ತ 10 ಮಿಲಿಮೀಟರ್ ಜಾಗದಲ್ಲಿ ಯಾವ ಅಕ್ಷರವೂ ಬೇಡ.

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಕ್ಷರ ಟೈಪ್ ಮಾಡಿ ಜೋಡಿಸಲು ನಾನು ಇಂಕ್‌ಸ್ಕೇಪ್ ಬಳಸುತ್ತೇನೆ, ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಬಾಲೂ ತಮ್ಮ, ನವಿಲು, ನೋಟೋ ಸಾನ್ಸ್ ಕನ್ನಡ ಈ ಮೂರೂ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳು. ನನ್ನ ಎರಡನೇ ಪುಸ್ತಕವನ್ನು ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಬಲೂನುಗಳ ತುಂಬಾ ಇಂಗ್ಲಿಷ್ ಅಕ್ಷರದ ರಾಶಿ. ಮಾರನೇ ದಿನವೇ ಪುಸ್ತಕ ಮಾರುವ ಸಂತೆ ಇತ್ತು. ಆ ರಾತ್ರಿ ಕೂತು ಎಲ್ಲವನ್ನೂ ಕೈಯಲ್ಲಿ ಬರೆದೆ. ಫೈಲನ್ನು ಯಾವಾಗಲೂ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಂಡೊಯ್ಯಿರಿ.

ಪುಟ ಜೋಡಿಸುವುದಕ್ಕೆ ಒಂದು ಸುಲಭದ ಲೆಕ್ಕ. ಎ4 ಹಾಳೆ ಮಡಚಿದರೆ ಎ5ರ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ ನಾಲ್ಕರ ಮಗ್ಗಿಯಲ್ಲೇ ಇರಬೇಕು. ಹದಿನಾರು ಪುಟಕ್ಕೆ ನಾಲ್ಕು ಹಾಳೆ. ಒಂದು ಮಗ್ಗುಲಲ್ಲಿ ಪಕ್ಕಪಕ್ಕ ಬರುವ ಎರಡು ಪುಟ ಕೂಡಿದರೆ 17 ಬರಬೇಕು: 16 ಮತ್ತು 1, ಅದರ ಬೆನ್ನಿಗೆ 2 ಮತ್ತು 15. ಮುಂದಿನ ಹಾಳೆಗೆ 14 ಮತ್ತು 3, ಬೆನ್ನಿಗೆ 4 ಮತ್ತು 13. ಹೀಗೇ ನಡುವಿನ 8 ಮತ್ತು 9ರವರೆಗೆ. ಎರಡೂ ಕಡೆ ಪ್ರಿಂಟ್ ಮಾಡುವಾಗ ಗಿಡ್ಡ ಅಂಚಿನ ಮೇಲೆ ತಿರುಗಿಸಿ ಎಂದು ಹೇಳಿ, ಇಲ್ಲದಿದ್ದರೆ ಹಿಂದಿನ ಪುಟ ತಲೆಕೆಳಗಾಗುತ್ತದೆ. ಮೊದಲು ಒಂದೇ ಪ್ರತಿ ಮಾಡಿಸಿ, ಮಡಚಿ, ಅಂಗಡಿಯಲ್ಲೇ ನಿಂತು ಪೂರ್ತಿ ಓದಿ. ಆಮೇಲೆ ಐವತ್ತು. ಮಡಿಕೆಯ ಮೇಲೆ ಪಿನ್ನು ಹೊಡೆಯಲು ಉದ್ದ ಕೈಯ ಸ್ಟೇಪ್ಲರ್ ಬೇಕು, ನಮ್ಮ ಅಂಗಡಿಯವರು ಕೊಡುತ್ತಾರೆ.

ನನ್ನ ಖರ್ಚು ಹೀಗಿದೆ. ಒಳಗಿನ ಮೂರು ಹಾಳೆಗೆ ಮಗ್ಗುಲಿಗೆ 2 ರೂಪಾಯಿಯಂತೆ 12. ರಕ್ಷಾಪುಟಕ್ಕೆ ದಪ್ಪ ಹಾಳೆಯ ಕಲರ್ ಪ್ರಿಂಟು 10. ಒಂದು ಪ್ರತಿಗೆ 22, ಐವತ್ತಕ್ಕೆ 1,100. ಬೆಲೆ 40 ಇಡುತ್ತೇನೆ. ಓದಬೇಕೆಂದು ಆಸೆ ಇರುವ ಶಾಲೆ ಮಕ್ಕಳಿಗೆ 20.

ಜನರ ಕೈಗೆ

ಮೊಬೈಲಿನಲ್ಲಿ ಹಂಚುವಾಗ ಎ5 ಪುಟವನ್ನು ಹಾಗೇ ಹಾಕಿದರೆ ಅಕ್ಷರ ಇರುವೆಯಾಗುತ್ತದೆ. ನಾನು ಪುಟವನ್ನು ಚೌಕ ಚೌಕವಾಗಿ ಬಿಡಿಸಿ, 1080ಕ್ಕೆ 1350 ಪಿಕ್ಸೆಲ್ ಅಳತೆಯಲ್ಲಿ ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಗೆರೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಪಿಡಿಎಫ್ ಕಳಿಸಿ. ನನ್ನ ಓದುಗರಲ್ಲಿ ಹೆಚ್ಚಿನವರು, ವಿಶೇಷವಾಗಿ ಪುಣೆ, ದುಬೈಯಲ್ಲಿ ಇರುವ ನಮ್ಮ ಕಡೆಯವರು, ಮನೆಯ ಗುಂಪಿನಲ್ಲಿ ಬಂದ ಪಿಡಿಎಫ್ ಓದಿಯೇ ಪರಿಚಯ ಆದವರು.

ಸಹಿಯನ್ನು ಮೂಲೆಯಲ್ಲಿ ಹಾಕಬೇಡಿ. ಒಂದು ಸಲ ಯಾರೋ ನನ್ನ ಮಳೆಯ ಪುಟದ ಕೆಳಗಿನ ಅಂಚು ಕತ್ತರಿಸಿ, ತಮ್ಮದೆಂದು ಹಂಚಿದರು. ತಿಂಗಳುಗಟ್ಟಲೆ ಬರೆದ ಪುಟ ಅದು. ತುಂಬಾ ಅತ್ತೆ. ಅಂದಿನಿಂದ ನನ್ನ ಹೆಸರು ಚಿತ್ರದ ಒಳಗೇ ಇರುತ್ತದೆ, ಗೋಡೆಯ ಕ್ಯಾಲೆಂಡರಿನಲ್ಲೋ ಡಬ್ಬಿಯ ಮೇಲೋ. ಇನ್ನೊಬ್ಬರ ಪಾತ್ರ ಬಳಸಿದಾಗ ಮೊದಲ ಪುಟದಲ್ಲೇ ಅವರ ಹೆಸರನ್ನು ದೊಡ್ಡದಾಗಿ ಬರೆಯಿರಿ. ನಮ್ಮ ಹೆಸರು ಉಳಿಯಲಿ ಎಂದು ಬಯಸುವ ನಾವು ಅಷ್ಟು ಮಾಡಲೇಬೇಕು.

ಬೆಂಗಳೂರಿನಲ್ಲಿ ಇಂಡೀ ಕಾಮಿಕ್ಸ್ ಫೆಸ್ಟ್ ನಡೆದಾಗ ಹೋಗಿ ನೋಡಿ, ಕೈಯಲ್ಲಿ ಮಾಡಿದ ಪುಸ್ತಕಗಳನ್ನು ಮಾಡಿದವರಿಂದಲೇ ಕೊಳ್ಳಬಹುದು. ಟೇಬಲ್ ಹಾಕುವುದಾದರೆ ಚಿಲ್ಲರೆ, ಯುಪಿಐ ಚೀಟಿ, ಬೆಲೆಯ ಬೋರ್ಡು ಮರೆಯಬೇಡಿ. ಒಂದು ಪ್ರತಿ ತೆರೆದಿಟ್ಟಿರಿ, ಜನ ನಿಂತು ಓದಲಿ. ಓದುವಾಗ ಮಾತಾಡಿಸಬೇಡಿ. ಅವರ ತುಟಿ ನೋಡಿ. ಮನೋರಮೆಯ ಬಲೂನಿಗೆ ಬಂದಾಗ ತುಟಿ ಅಲುಗಿದರೆ ಆ ಮಾತು ಸರಿಯಾಗಿ ಬಿದ್ದಿದೆ. ಅಲುಗದ ಬಲೂನಿನ ಪುಟದ ನಂಬರನ್ನು ನಾನು ಡೈರಿಯಲ್ಲಿ ಗುರುತು ಹಾಕಿಕೊಂಡು, ಮುಂದಿನ ಐವತ್ತು ಪ್ರತಿ ಮಾಡಿಸುವ ಮೊದಲು ತಿದ್ದುತ್ತೇನೆ.