ಮಳೆಗಾಲಕ್ಕೆ ಹಾಯಿದೋಣಿಯನ್ನು ನೀರಿಂದ ಮೇಲೆ ಹಾಕಿ ನಿಲ್ಲಿಸುವುದು: ಮಂಗಳೂರಿನ ಬೆಂಗ್ರೆ ಹೊಯಿಗೆಯಲ್ಲಿ ನನ್ನ ಅನುಭವ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಟ್ರಾಲ್ ಬೋಟು ಪರ್ಸೀನ್ ಬೋಟು ಎಲ್ಲ ದಕ್ಕೆಗೆ ಬಂದು ಸಾಲಾಗಿ ನಿಲ್ತವೆ, ಕೆಲಸ ಇರುವಂಥದ್ದು ಯಾರ್ಡ್‌ಗೆ ಹತ್ತುತ್ತವೆ. ನನ್ನ ಹಾಯಿದೋಣಿಯನ್ನು ಅದಕ್ಕೂ ಮುಂಚೆ, ಮೇ ಮೊದಲ ವಾರದಲ್ಲೇ ಬೆಂಗ್ರೆ ಬದಿಯ ಒಂದು ಯಾರ್ಡಲ್ಲಿ ಮೇಲೆ ಹಾಕಿಸ್ತೇನೆ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಬಂತಲ್ಲ, ಆಮೇಲೆ ಜೂನ್ ತನಕ ಕಾಯುವ ಧೈರ್ಯ ನನಗಿಲ್ಲ. 27 ಅಡಿಯ ಫೈಬರ್ ದೋಣಿ, ಸುಮಾರು 3 ಟನ್, ಅಡಿಯಲ್ಲಿ ಫಿನ್ ಕೀಲ್, ಅಂದ್ರೆ ತಳದ ಮಧ್ಯದಿಂದ ಕೆಳಗೆ ಇಳಿದಿರುವ ರೆಕ್ಕೆಯಂಥ ಭಾಗ.

ಈ ಫಿನ್ ಕೀಲ್ ಇರುವುದರಿಂದಲೇ ಎಲ್ಲ ಲೆಕ್ಕ ಬೇರೆ ಆಗುವುದು. ಮೀನುಗಾರಿಕೆ ಬೋಟಿಗೆ ಮುಂದಿಂದ ಹಿಂದಿನವರೆಗೆ ಉದ್ದಕ್ಕೆ ಕೀಲ್, ಹೊಟ್ಟೆ ಅಗಲ, ದಿಮ್ಮಿ ಮೇಲೆ ಕೂರಿಸಿ ಎರಡು ಬದಿಗೆ ಕಂಬ ಕೊಟ್ರೆ ಗಟ್ಟಿ ನಿಲ್ತದೆ. ಹಾಯಿದೋಣಿ ಹಾಗಲ್ಲ, ಮಧ್ಯದಲ್ಲಿ ಒಂದು ಕಿರಿದಾದ ಕೀಲ್, ಅದರ ಮೇಲೆ ಎತ್ತರದಲ್ಲಿ ದೋಣಿ, ಮುಂದೆ ಹಿಂದೆ ಖಾಲಿ. ಯಾರ್ಡಿನ ಮೇಸ್ತ್ರಿ ಮೊದಲ ಸಲ ನೋಡಿದಾಗ "ಸರ್, ಇದರ ಭಾರ ಕಂಬಕ್ಕೆ ಬರ್ತದಾ ಅಡಿಗೆ ಬರ್ತದಾ?" ಅಂತ ಕೇಳಿದ್ರು. ಅದೇ ಸರಿಯಾದ ಪ್ರಶ್ನೆ. ಹೆಚ್ಚುಕಮ್ಮಿ ಪೂರ್ತಿ ಭಾರ ಕೀಲ್ ಮೇಲೆಯೇ ಕೂರಬೇಕು, ಬದಿಯ ಸ್ಟ್ಯಾಂಡ್‌ಗಳು ವಾಲದ ಹಾಗೆ ಹಿಡಿಯಲಿಕ್ಕೆ ಮಾತ್ರ. ಗೊನೆ ಬಿಟ್ಟ ಬಾಳೆಗೆ ಕೋಲು ಕೊಡ್ತೇವಲ್ಲ, ಬಾಳೆಯ ಭಾರ ಬುಡದಲ್ಲೇ ಇರ್ತದೆ, ಕೋಲು ಬೀಳದ ಹಾಗೆ ನೋಡ್ತದೆ, ಹಾಗೆ. ಸ್ಟ್ಯಾಂಡ್‌ಗೆ ಭಾರ ಕೊಟ್ರೆ ಫೈಬರ್ ಒಳಗೆ ಒತ್ತಿ ಹೋಗ್ತದೆ, ಜೋರಾದ್ರೆ ಬಿರುಕು ಬಿಡ್ತದೆ.

ಹಾಗಾಗಿ ಮೊದಲು ನೆಲ. ಬೆಂಗ್ರೆ ಅಂದ್ರೆ ಒಂದು ಬದಿ ಸಮುದ್ರ ಇನ್ನೊಂದು ಬದಿ ಫಲ್ಗುಣಿ ಹೊಳೆ, ಮಧ್ಯದಲ್ಲಿ ಬರೀ ಹೊಯಿಗೆ, ಅಂದ್ರೆ ಮರಳು. ಹೊಯಿಗೆ ಭಾರ ತಡೆಯುವುದಿಲ್ಲ ಅಂತಲ್ಲ, ಅಲುಗಾಡದೆ ಇದ್ರೆ ಚೆನ್ನಾಗಿಯೇ ತಡೀತದೆ, ಆದ್ರೆ ಮಳೆನೀರು ಹರಿದು ಅಡಿಯಿಂದ ಕೊರೆದುಕೊಂಡು ಹೋದ್ರೆ ಒಂದೇ ರಾತ್ರಿಯಲ್ಲಿ ಸ್ಟ್ಯಾಂಡ್ ಕಾಲಿನ ಕೆಳಗೆ ಟೊಳ್ಳು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೇಲೆ ಮಳೆ, ಅದರಲ್ಲಿ ಹೆಚ್ಚಿನದ್ದು ದೋಣಿ ದಡದ ಮೇಲಿರುವ ಈ ನಾಲ್ಕು ತಿಂಗಳಲ್ಲೇ ಬರ್ತದೆ, ಬೇರೆ ಊರಿನ ಪುಸ್ತಕ ಓದಿದವರಿಗೆ ಇದು ಹೊಳೆಯುವುದಿಲ್ಲ, ಅವರು ಗಾಳಿ ಬಗ್ಗೆ ಮಾತ್ರ ಬರೀತಾರೆ. ನಾನು ದೋಣಿ ನಿಲ್ಲುವ ಜಾಗದಲ್ಲಿ ಹೊಯಿಗೆ ತೆಗೆಸಿ ಜಲ್ಲಿ ತುಂಬಿಸಿ ಗಟ್ಟಿ ಮಾಡಿಸಿದ್ದೇನೆ, ಸುತ್ತ ಕಣಿ ತೆಗೆಸಿ ನೀರು ಹೊಳೆ ಕಡೆಗೆ ಹೋಗುವ ಹಾಗೆ ಇಳಿಜಾರು ಕೊಟ್ಟಿದ್ದೇನೆ. ಪಕ್ಕದ ಶೆಡ್ಡಿನ ಶೀಟಿಂದ ಬೀಳುವ ನೀರು ಎಲ್ಲಿ ಬೀಳ್ತದೆ ಅಂತಲೂ ನೋಡ್ಬೇಕು. ಕಾಂಕ್ರೀಟ್ ನೆಲ ಸಿಕ್ಕಿದ್ರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ, ಬಾಡಿಗೆ ಜಾಸ್ತಿ ಆದ್ರೂ.

ಜಲ್ಲಿ ಮೇಲೆ ಕೀಲ್‌ಗೆ ಅಡ್ಡ ದಿಮ್ಮಿ. ಕಿರಾಲ್‌ಬೋಗಿ ಮರ ಹಾಕಿಸಿದ್ದು, ನೀರಲ್ಲಿ ಬೇಗ ಕೊಳೆಯುವುದಿಲ್ಲ, ಬೋಟಿನವರಿಗೆ ಇದರ ಗುಣ ಹೇಳಬೇಕಾಗಿಲ್ಲ. ಕೀಲ್‌ನ ಮುಂದಿನ ತುದಿಗೊಂದು ಹಿಂದಿನ ತುದಿಗೊಂದು, ಮಧ್ಯಕ್ಕೂ ಒಂದು. ದಿಮ್ಮಿ ಎತ್ತರ ಹೇಗೆ ಇಡ್ತೇವೆ ಅಂದ್ರೆ ದೋಣಿಯ ಮೂತಿ ಸ್ವಲ್ಪ ಮೇಲೆ ಇರಬೇಕು. ಕಾಕ್‌ಪಿಟ್‌ನ, ಅಂದ್ರೆ ಕೂತು ದೋಣಿ ನಡೆಸುವ ತೆರೆದ ಗುಂಡಿಯ, ನೀರು ಹೋಗುವ ತೂತು ಹಿಂದೆ ಇರುವುದು, ಮೂತಿ ಕೆಳಗಾದ್ರೆ ನೀರು ಅಲ್ಲೇ ನಿಲ್ತದೆ. 3 ಚದರ ಮೀಟರ್ ಕಾಕ್‌ಪಿಟ್‌ಗೆ ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಿದ್ದು ಎಲೆ ಕಸ ಸಿಕ್ಕಿ ತೂತು ಬಂದ್ ಆಯ್ತು ಅಂದ್ರೆ 300 ಲೀಟರ್, ಅಂದ್ರೆ 300 ಕಿಲೋ, ಅದೂ ಮೇಲೆ ಎತ್ತರದಲ್ಲಿ ಹಿಂದಿನ ತುದಿಯಲ್ಲಿ. ನಮ್ಮಲ್ಲಿ ಅಂಥ ಮಳೆ ಏನೂ ಅಪರೂಪ ಅಲ್ಲ.

ದೋಣಿಯ ಮೂತಿ ಪಡುವಣಕ್ಕೆ ಮಾಡಿಯೇ ನಿಲ್ಲಿಸುವುದು, ಮಳೆಗಾಲದ ಗಾಳಿ ಆ ಕಡೆಯಿಂದ ಬರುವುದು, ಬದಿಗೆ ಹೊಡೆದ್ರೆ ಕಷ್ಟ. ಗಾಳಿಯ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟಾಗ್ತದೆ. ಅದೇ ಕಾರಣಕ್ಕೆ ದೋಣಿ ಎತ್ತುವ ಕ್ರೇನ್ ಇರುವಾಗಲೇ ಮಾಸ್ಟ್, ಅಂದ್ರೆ ಹಾಯಿಯ ಕಂಬ, ಕೂಡ ಇಳಿಸಿ ಬಿಡ್ತೇನೆ, ಹಾಯಿ ಎಲ್ಲ ಮನೆಗೆ. ಮಾಸ್ಟ್ ನಿಂತಿದ್ರೆ ಗಾಳಿಗೆ ತಂತಿಗಳು ಅದುರಿ ಅದುರಿ ಇಡೀ ದೋಣಿ ನಡುಗ್ತದೆ, ಆ ನಡುಕಕ್ಕೆ ಸ್ಟ್ಯಾಂಡಿನ ಸ್ಕ್ರೂ ಸಡಿಲ ಆಗ್ತಾ ಹೋಗ್ತದೆ.

ಸ್ಟ್ಯಾಂಡ್ ಒಂದೊಂದು ಬದಿಗೆ ಮೂರು, ಮೂತಿಗೆ ಒಂದು. ಲೋಕಲ್ ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ್ದು, ದಪ್ಪ ಪೈಪು, ಅಗಲಕ್ಕೆ ಕಾಲು, ಮೇಲೆ ಸ್ಕ್ರೂ, ತಿರುಗುವ ಪ್ಯಾಡು. ಎಲ್ಲಿ ಇಡ್ಬೇಕು ಅಂತ ಸುಮ್ಮನೆ ಅಂದಾಜು ಮಾಡ್ಲಿಕ್ಕಾಗುವುದಿಲ್ಲ, ಒಳಗೆ ಅಡ್ಡಗೋಡೆ, ಅಂದ್ರೆ ಬಲ್ಕ್‌ಹೆಡ್, ಎಲ್ಲಿ ಬರ್ತದೆ ಅಂತ ಅಳತೆ ತೆಗೆದು ಹೊರಗಿಂದ ಗುರುತು ಹಾಕಿ ಅಲ್ಲಿಗೇ ಪ್ಯಾಡ್ ಬರಬೇಕು. ಬೆರಳ ಗಂಟಿಂದ ಬಡಿದು ನೋಡಿದ್ರೂ ಗೊತ್ತಾಗ್ತದೆ, ಗಟ್ಟಿ ಜಾಗ ಮಂದ ಸದ್ದು ಕೊಡ್ತದೆ, ಖಾಲಿ ಜಾಗ ಡಬಡಬ ಅಂತದೆ. ಪ್ಯಾಡ್ ಮೈಗೆ ಚಪ್ಪಟೆಯಾಗಿ ಕೂರಬೇಕು, ಒಂದು ಅಂಚು ಮಾತ್ರ ತಾಗಿದ್ರೆ ಆಗುವುದಿಲ್ಲ. ಸ್ಕ್ರೂ ಒಂದು ಅಡಿಗಿಂತ ಜಾಸ್ತಿ ಹೊರಗೆ ಬಿಡುವುದಿಲ್ಲ, ಎತ್ತರ ಸಾಲದಿದ್ರೆ ಎತ್ತರದ ಸ್ಟ್ಯಾಂಡ್ ತರುವುದು. ಒಂದೊಂದು ಕಾಲಿನ ಕೆಳಗೂ ದಪ್ಪ ಪ್ಲೈವುಡ್. ಮತ್ತೆ ಚೈನ್, ಇದನ್ನು ಬಿಡ್ಲೇಬಾರದು, ಎಡದ ಸ್ಟ್ಯಾಂಡಿಗೂ ಬಲದ ಸ್ಟ್ಯಾಂಡಿಗೂ ದೋಣಿ ಅಡಿಯಿಂದ ಚೈನ್ ಹಾಕಿ ಬಿಗಿ ಮಾಡ್ಬೇಕು, ಯಾಕಂದ್ರೆ ದೋಣಿ ಯಾವಾಗಲೂ ಸ್ಟ್ಯಾಂಡ್ ಕಾಲನ್ನು ಹೊರಗೆ ತಳ್ಳಲಿಕ್ಕೆ ನೋಡ್ತದೆ, ಚೈನ್ ಇದ್ರೆ ಒಂದನ್ನೊಂದು ಹಿಡ್ಕೊಳ್ತವೆ.

ಬಿಗಿ ಮಾಡುವುದು ಇಬ್ಬರು, ಎರಡು ಬದಿಯಿಂದ ಒಟ್ಟಿಗೆ, ಸ್ವಲ್ಪ ಸ್ವಲ್ಪ. ಇದು ಮೇಸ್ತ್ರಿಯವರಿಂದ ಕಲಿತದ್ದು, ಅವರು ಬೋಟಿಗೆ ಬೆಣೆ ಹೊಡೆಯುವುದೂ ಹಾಗೆಯೇ, ಆಚೆ ಒಂದು ಪೆಟ್ಟು ಈಚೆ ಒಂದು ಪೆಟ್ಟು. ಕೈಯಲ್ಲಿ ತಿರುಗಿಸಿ ತಾಗಿದ ಮೇಲೆ ಸ್ವಲ್ಪ ಬಿಗಿ, ಅಷ್ಟೇ. ಜಾಸ್ತಿ ಆಯ್ತಾ ಅಂತ ನೋಡ್ಲಿಕ್ಕೆ ನಾನು ಒಳಗೆ ಹೋಗಿ ಕ್ಯಾಬಿನ್ ಬಾಗಿಲು, ಕಪಾಟಿನ ಬಾಗಿಲು ಎಲ್ಲ ಹಾಕಿ ತೆಗೆದು ನೋಡ್ತೇನೆ, ಮೊದಲು ಸಲೀಸಾಗಿ ಬರ್ತಿದ್ದದ್ದು ಈಗ ಸಿಕ್ಕಿಹಾಕಿಕೊಂಡ್ರೆ ದೋಣಿಯ ಮೈ ತಿರುಚಿದೆ ಅಂತ ಅರ್ಥ, ಸಡಿಲ ಮಾಡ್ಬೇಕು.

ಟಾರ್ಪಾಲಿನ ಹಗ್ಗ ಸ್ಟ್ಯಾಂಡಿಗೆ ಯಾರೂ ಕಟ್ಟಬೇಡಿ. ಗಾಳಿಗೆ ಟಾರ್ಪಾಲು ಪಟಪಟ ಹೊಡೆದು ಸ್ಟ್ಯಾಂಡನ್ನೇ ಎಳೆದು ಹಾಕ್ತದೆ. ದೋಣಿ ಅಡಿಯಿಂದ ಹಾಯಿಸಿ ದೋಣಿಗೇ ಕಟ್ಟಿ. ಏಣಿಯನ್ನೂ ಹಾಗೆಯೇ.

ಮಳೆ ಶುರುವಾದ ಮೇಲೆ ಜೋರು ಸುರಿದ ಮರುದಿನ ಹೋಗ್ಲೇಬೇಕು. ಪ್ಲೈವುಡ್ ಒಂದು ಬದಿ ಇಳಿದಿದ್ಯಾ, ಪ್ಯಾಡ್ ಸಡಿಲವಾ, ಚೈನ್ ಜೋತಾಡ್ತದಾ, ಕಣಿಯಲ್ಲಿ ಹೊಯಿಗೆ ತುಂಬಿದ್ಯಾ, ಕಾಕ್‌ಪಿಟ್ ತೂತಲ್ಲಿ ಕಸ ಇದ್ಯಾ. ಸಡಿಲ ಆದ ಸ್ಟ್ಯಾಂಡನ್ನು ತಿರುಗಿಸಿ ಬಿಗಿ ಮಾಡಿ ಬರುವುದಲ್ಲ, ಯಾಕೆ ಸಡಿಲ ಆಯ್ತು ಅಂತ ಅಡಿ ನೋಡ್ಬೇಕು, ನೆಲ ಕುಸಿದಿದ್ರೆ ಪಕ್ಕದಲ್ಲಿ ಇನ್ನೊಂದು ಸ್ಟ್ಯಾಂಡ್ ಕೊಟ್ಟು ಆಮೇಲೆ ಇದನ್ನು ತೆಗೆದು ಜಲ್ಲಿ ಹಾಕಿ ಮತ್ತೆ ಇಡಬೇಕು. ಪೈಂಟ್ ಮಾಡುವವರಿಗೂ ಇದೇ ಕಟ್ಟುನಿಟ್ಟು, ತಾವಾಗಿ ಯಾವ ಸ್ಟ್ಯಾಂಡನ್ನೂ ಮುಟ್ಟಬಾರದು.

ನೀರಿಗೆ ಇಳಿಸುವ ದಿನ ದೋಣಿ ಎತ್ತುವ ಬೆಲ್ಟ್ ಬಿಗಿಯಾಗಿ ಕ್ರೇನ್ ಭಾರ ತಗೊಂಡ ಮೇಲೆಯೇ ಚೈನ್ ಬಿಚ್ಚಿ ಸ್ಟ್ಯಾಂಡ್ ತೆಗೆಯುವುದು. ಬೆಲ್ಟ್ ರಡ್ಡರಿಗೂ (ಚುಕ್ಕಾಣಿಗೂ) ಪ್ರೊಪೆಲ್ಲರ್ ಶಾಫ್ಟಿಗೂ ತಾಗದ ಹಾಗೆ ಎಲ್ಲಿ ಹಾಕಬೇಕು ಅಂತ ಬದಿಯಲ್ಲಿ ಗುರುತು ಮಾಡಿಟ್ಟಿದ್ದೇನೆ. ದೋಣಿ ನೇತಾಡ್ತಿರುವಾಗ ಪ್ಯಾಡ್ ಇದ್ದ ಜಾಗಕ್ಕೂ ಕೀಲ್ ಅಡಿಗೂ ಪಾಚಿ ಕಟ್ಟದ ಪೈಂಟ್ ಹೊಡೆಯಬೇಕು, ಕ್ರೇನಿನವರ ಹತ್ತಿರ ಆ ಹೊತ್ತಿಗೂ ಸೇರಿಸಿ ಮೊದಲೇ ರೇಟ್ ಮಾತಾಡಿಟ್ಟುಕೊಳ್ಳಿ. ನೇತಾಡುವ ಕೀಲ್ ಅಡಿಗೆ ಮಾತ್ರ ಯಾರೂ ನುಗ್ಗಬಾರದು, ಉದ್ದ ಕೋಲಿಗೆ ರೋಲರ್ ಕಟ್ಟಿ ಬದಿಯಿಂದಲೇ ಹೊಡೆಯುವುದು.