ಕೇಳಿದ್ದಾಯಿತು, ಇನ್ನು ಕೇಳಿಸಿಕೊಳ್ಳುವುದು ಹೇಗೆ?

ಕನ್ನಡದಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ ಒಂದೇ ಮಾತು: ಕೇಳು. ದೇವರ ಮುಂದೆ ಕೂತಾಗ ಮಾತ್ರ ನಾವು ಮೊದಲನೆಯ ಅರ್ಥವನ್ನಷ್ಟೇ ಹಿಡಿದುಕೊಳ್ಳುತ್ತೇವೆ. ಬೇಕಾದ್ದರ ಪಟ್ಟಿ ಒಪ್ಪಿಸಿ, ಕೈಮುಗಿದು, ಎದ್ದುಬಿಡುತ್ತೇವೆ. ಎರಡನೆಯ ಅರ್ಥಕ್ಕೆ ದಿನಕ್ಕೆ 25 ನಿಮಿಷ ಸಾಕು. ಮಂತ್ರ, ನಾಮ, ಭಾಷೆ ನಿಮ್ಮ ನಿಮ್ಮ ಮತದ್ದೇ ಇರಲಿ. ಕ್ರಮ ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಕೂರುವ ಮೊದಲು

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ, ಫೋನ್ ನೋಡುವ ಮೊದಲು ಕೂತರೆ ಒಳ್ಳೆಯದು. ಬೇರೆ ಹೊತ್ತಾದರೆ ಊಟವಾಗಿ ಎರಡು ಗಂಟೆ ಕಳೆದಿರಲಿ. ಹೊಟ್ಟೆ ತುಂಬಿದ್ದರೆ ಧ್ಯಾನ ತೂಕಡಿಕೆಗೆ ತಿರುಗುತ್ತದೆ. ಆಸನ ಅತಿ ಎತ್ತರವೂ ಆಗಬಾರದು, ಅತಿ ತಗ್ಗೂ ಆಗಬಾರದು ಎನ್ನುತ್ತದೆ ಗೀತೆಯ 6ನೇ ಅಧ್ಯಾಯ. ನೆಲದ ಮೇಲೆ ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ನಿಂತರೆ ಹತ್ತು ನಿಮಿಷದಲ್ಲೇ ಬೆನ್ನು ಬಾಗುತ್ತದೆ. ಆಗ ಮಡಿಸಿದ ಕಂಬಳಿಯನ್ನು ಕೆಳಗೆ ಹಾಕಿಕೊಳ್ಳಿ. ಕುರ್ಚಿಯೂ ಆಗುತ್ತದೆ, ಎರಡೂ ಪಾದ ನೆಲ ಮುಟ್ಟಿರಲಿ, ಬೆನ್ನು ಒರಗದಿರಲಿ. ಗಡಿಯಾರವನ್ನು ಮತ್ತೆಮತ್ತೆ ನೋಡುವ ಚಪಲ ತಪ್ಪಬೇಕಾದರೆ ಮೆಲುದನಿಯ ಅಲಾರಂ ಇಟ್ಟುಕೊಳ್ಳಿ. ಕೈಗೆಟಕುವಷ್ಟು ಹತ್ತಿರ ಒಂದು ನೋಟ್‌ಬುಕ್, ಪೆನ್ನು ಇರಲಿ.

ಪ್ರಶ್ನೆ ಸರಿಮಾಡಿಕೊಳ್ಳಿ

ಮುಕ್ಕಾಲು ಪಾಲು ಎಡವಟ್ಟು ಆಗುವುದು ಇಲ್ಲೇ. ‘ಈ ಕೆಲಸ ನನಗೆ ಕೊಡಿಸು’ ಎನ್ನುವುದು ಬೇಡಿಕೆ. ‘ಈ ಕೆಲಸ ನನಗೆ ಸಿಗುತ್ತದೆಯೇ?’ ಎನ್ನುವುದು ಜ್ಯೋತಿಷಿಯನ್ನು ಕೇಳುವ ಮಾತು. ‘ಈ ಕೆಲಸಕ್ಕೆ ಸೇರುವುದು ನನಗೆ ಸರಿಯೇ?’ ಎಂದಾಗ ಅದು ಮಾರ್ಗದರ್ಶನದ ಪ್ರಶ್ನೆಯಾಗುತ್ತದೆ. ಹಿಂದಿನ ರಾತ್ರಿಯೇ ಅದನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಒಂದು ವಾಕ್ಯದಲ್ಲಿ ಹಿಡಿಸದಿದ್ದರೆ ಅಲ್ಲಿ ಎರಡು ಪ್ರಶ್ನೆಗಳಿವೆ. ಒಂದನ್ನು ನಾಳಿದ್ದಿಗೆ ಇಡಿ.

ಬರೆದಾದ ಮೇಲೆ ‘ಬೇಡ’ ಎಂಬ ಉತ್ತರ ಬಂತೆಂದು ಭಾವಿಸಿ ನೋಡಿ. ಎದೆ ಬಿಗಿಯಿತೇ, ವಾದ ಹೂಡಬೇಕೆನಿಸಿತೇ? ಹಾಗಿದ್ದರೆ ನೀವು ಕೇಳಲು ಬಂದಿಲ್ಲ, ಸಹಿ ಹಾಕಿಸಿಕೊಳ್ಳಲು ಬಂದಿದ್ದೀರಿ. ತೀರ್ಮಾನಕ್ಕೆ ಕೂರುವವನ ಮನಸ್ಸು ಯಾವ ಕಡೆಗೂ ವಾಲದೆ ಸಮತೂಕದಲ್ಲಿ ನಿಂತ ತಕ್ಕಡಿಯಂತಿರಬೇಕು ಎಂದು 16ನೇ ಶತಮಾನದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲ ಹೇಳಿದ್ದು ಇದನ್ನೇ. ತೀರ್ಮಾನಕ್ಕೆ ಮೊದಲು ಮುಸ್ಲಿಮರು ದಾರಿ ಕೇಳುವ ಇಸ್ತಿಖಾರಾ ಪ್ರಾರ್ಥನೆಯ ಕಟ್ಟು ಇನ್ನೂ ಚೊಕ್ಕ: ಎರಡು ರಕಾತ್ (ಸುತ್ತು) ನಮಾಜಿನ ನಂತರ, ಇದು ನನಗೆ ಒಳಿತಾದರೆ ಸುಲಭಮಾಡು, ಕೆಡುಕಾದರೆ ಇದನ್ನು ನನ್ನಿಂದ ದೂರಮಾಡು, ನನ್ನನ್ನೂ ಇದರಿಂದ ದೂರಮಾಡು, ಒಳಿತು ಎಲ್ಲಿದೆಯೋ ಅದನ್ನು ಕೊಟ್ಟು ಅದರಲ್ಲೇ ತೃಪ್ತಿ ಕೊಡು ಎಂದು ಬೇಡುತ್ತಾರೆ. ಎರಡೂ ಬಾಗಿಲು ತೆರೆದಿಟ್ಟ ಬೇಡಿಕೆ ಅದು. ಅದಾದ ಮೇಲೆ ಕನಸು ಬೀಳಲೇಬೇಕೆಂದು ಕಾಯುವವರಿದ್ದಾರೆ. ಅಂಥ ಷರತ್ತೇನೂ ಇಲ್ಲ.

ಕೇಳಲೇಬಾರದ ಪ್ರಶ್ನೆಗಳೂ ಇವೆ. ಸಾಲ ತೀರಿಸಬೇಕೇ, ಕೊಟ್ಟ ಮಾತು ಉಳಿಸಿಕೊಳ್ಳಬೇಕೇ ಎಂದು ಧ್ಯಾನಕ್ಕೆ ಕೂರುವುದು ಉತ್ತರ ಗೊತ್ತಿದ್ದೂ ದಿನ ದೂಡುವ ಉಪಾಯ.

25 ನಿಮಿಷದ ಲೆಕ್ಕ

ಮೊದಲ 5 ನಿಮಿಷ ಉಸಿರಿಗೆ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ತುಸು ನಿಧಾನವಾಗಲಿ. ಮುಂದಿನ 5 ನಿಮಿಷ ಪ್ರಾರ್ಥನೆ: ಮೊದಲು ಕೃತಜ್ಞತೆ, ಆಮೇಲೆ ತಪ್ಪೊಪ್ಪಿಗೆ, ಕೊನೆಗೆ ಬರೆದಿಟ್ಟ ಪ್ರಶ್ನೆ. ಪ್ರಶ್ನೆಯನ್ನು ಒಂದೇ ಸಲ ಹೇಳಿ ಬಿಟ್ಟುಬಿಡಿ. ಅದನ್ನೇ ಮೆಲುಕು ಹಾಕುತ್ತ ಕೂತರೆ ಅದು ಚಿಂತೆ, ಧ್ಯಾನವಲ್ಲ.

ಆಮೇಲಿನ 10 ನಿಮಿಷ ಮೌನ. ನಿಮ್ಮ ಇಷ್ಟದ ದೇವನಾಮವನ್ನೋ ಒಂದು ಚಿಕ್ಕ ಪದವನ್ನೋ ಗೂಟದ ಹಾಗೆ ಇಟ್ಟುಕೊಳ್ಳಿ. ಮನಸ್ಸು ಹೊರಗೆ ಹೋಗಿದೆ ಎಂದು ತಿಳಿದೊಡನೆ ಆ ಪದಕ್ಕೆ ಮರಳಿ, ಅಷ್ಟೇ. ಐವತ್ತು ಸಲ ಹೋದರೆ ಐವತ್ತು ಸಲ ಮರಳುವುದೇ ಸಾಧನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ಅರ್ಜುನ ದೂರಿದಾಗ ಕೃಷ್ಣ ಅಲ್ಲಗಳೆಯಲಿಲ್ಲ. ಅಭ್ಯಾಸ ಮತ್ತು ವೈರಾಗ್ಯ ಎಂದು ಎರಡೇ ದಾರಿ ಹೇಳಿದ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಎರಡು ಮೊಳ ದೂರದ ನೆಲ ನೋಡಿ. ಕಾಲು ಜೋಮು ಹಿಡಿದರೆ ಸದ್ದಿಲ್ಲದೆ ಬದಲಿಸಿ, ಹಟ ಬೇಡ.

ಕೊನೆಯ 5 ನಿಮಿಷ ಬರವಣಿಗೆ. ದಿನಾಂಕ ಹಾಕಿ, ಬಂದದ್ದನ್ನೆಲ್ಲ ತಿದ್ದದೆ ಬರೆಯಿರಿ. ಕಿವಿಗೆ ದನಿ ಕೇಳಿಸುತ್ತದೆಂದು ಕಾಯಬೇಡಿ. ಹೆಚ್ಚಿನ ಸಲ ಬರುವುದು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಯಾರದೋ ಮುಖ, ಕೇಳಬೇಕಿದ್ದ ಒಂದು ಕ್ಷಮೆ, ಬಾಕಿ ಉಳಿದ ಒಂದು ಕೆಲಸ. ಅದನ್ನು ಅಂದೇ ಮಾಡಿ ಮುಗಿಸಿ. ದೊಡ್ಡ ಉತ್ತರಕ್ಕೆ ಎಷ್ಟೋ ಬಾರಿ ಅಡ್ಡ ಕೂತಿರುವುದು ಅದೇ.

ಬಂದದ್ದು ದೇವರದೋ, ನಮ್ಮದೋ?

ಅವಸರ ಮಾಡುವ ಪ್ರೇರಣೆಯನ್ನು ನಂಬಬೇಡಿ. ‘ಈಗಲೇ ಮಾಡು, ಯಾರಿಗೂ ಹೇಳಬೇಡ’ ಎನ್ನುವುದು ಸಾಮಾನ್ಯವಾಗಿ ಭಯದ ಅಥವಾ ಆಸೆಯ ದನಿ. ಒಳ್ಳೆಯ ದಾರಿಯಲ್ಲಿರುವವರಿಗೆ ಒಳ್ಳೆಯ ಪ್ರೇರಣೆ ಸ್ಪಂಜಿನೊಳಗೆ ನೀರಹನಿ ಇಳಿದಂತೆ ಬರುತ್ತದೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದಂತೆ ಸಿಡಿಯುತ್ತದೆ ಎಂದವರೂ ಇಗ್ನೇಷಿಯಸರೇ. ಮೂರು ದಿನ ಬಿಟ್ಟು ಮತ್ತೆ ಓದಿ. ಮೂರನೆಯ ದಿನವೂ ಅದು ತಣ್ಣಗೆ, ಸ್ಪಷ್ಟವಾಗಿ ನಿಂತಿದ್ದರೆ ಮುಂದಿನ ಹೆಜ್ಜೆ. ಅವರ ಇನ್ನೊಂದು ಸೂತ್ರವನ್ನಂತೂ ಗೋಡೆಗೆ ಅಂಟಿಸಿಕೊಳ್ಳಬಹುದು: ಮನಸ್ಸು ಬತ್ತಿ ಕತ್ತಲೆಯಾಗಿರುವಾಗ ಹಿಂದಿನ ತೀರ್ಮಾನವನ್ನು ಬದಲಿಸಬೇಡ.

ಗ್ರಂಥವನ್ನು ಕಣ್ಮುಚ್ಚಿ ತೆರೆದು ಬೆರಳಿಟ್ಟ ಸಾಲನ್ನೇ ಅಪ್ಪಣೆ ಎನ್ನುವುದು, ಬೇಕಾದ ಉತ್ತರ ಬರುವ ತನಕ ಚೀಟಿ ಎತ್ತುವುದು ಆಲಿಸುವ ಕಷ್ಟವನ್ನು ತಪ್ಪಿಸಿಕೊಳ್ಳುವ ದಾರಿಗಳು.

ಮುಂದಿನ ಹೆಜ್ಜೆ ಎಂದರೆ ಇನ್ನೊಬ್ಬರ ಕಿವಿ. ಬೈಬಲಿನ ಬಾಲಕ ಸಮುವೇಲನಿಗೆ ದೇವರ ಕರೆ ಮೂರು ಸಲ ಕೇಳಿಸಿದರೂ ಅವನು ಮೂರು ಸಲವೂ ಎದ್ದು ಓಡಿದ್ದು ಮುದುಕ ಯಾಜಕ ಏಲಿಯ ಬಳಿಗೆ. ಅದು ಯಾರ ದನಿ ಎಂದು ಗುರುತಿಸಿ ಹೇಳಿದವನು ಏಲಿ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಇದಕ್ಕೆಂದೇ ಕೆಲವರನ್ನು ಕೂರಿಸುತ್ತಾರೆ. ಅವರು ಸಲಹೆ ಕೊಡುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು. ನೀವು ಆರಿಸಿಕೊಳ್ಳುವವರಿಗೆ ನಿಮ್ಮ ತೀರ್ಮಾನದಿಂದ ಲಾಭವೂ ಇರಬಾರದು, ನಷ್ಟವೂ ಇರಬಾರದು.

ನಿಜವಾಗಿಯೂ ದನಿಗಳು ಕೇಳಿಸುತ್ತಿದ್ದರೆ, ಅವು ನಿಮಗೋ ಬೇರೆಯವರಿಗೋ ಹಾನಿ ಮಾಡು ಎನ್ನುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೆ ಧ್ಯಾನ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ. ‘ದೇವರು ಹೇಳಿದ’ ಎಂದು ಔಷಧಿ ಬಿಡುವುದಂತೂ ಕೂಡದು.

ವಾರಗಟ್ಟಲೆ ಏನೂ ಬಾರದಿದ್ದರೆ ಹೊತ್ತು ಹೆಚ್ಚಿಸಬೇಡಿ, ಪ್ರಶ್ನೆಯನ್ನು ಚಿಕ್ಕದು ಮಾಡಿ: ‘ಮುಂದೇನು?’ ಬದಲು ‘ಇವತ್ತು ಏನು?’ ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ತಿರುವಿ, ನೆಟ್ಟಗೆ ನಿಂತ ಪ್ರೇರಣೆಗೆ ಒಂದು ಗುರುತು, ಹುಸಿಹೋದದ್ದಕ್ಕೆ ಇನ್ನೊಂದು ಗುರುತು ಹಾಕಿ. ನಿಮ್ಮ ಭಯ ಯಾವ ಪದಗಳಲ್ಲಿ ಮಾತಾಡುತ್ತದೆಂದು ನಿಮ್ಮ ಅಕ್ಷರದಲ್ಲೇ ಅಲ್ಲಿ ಬರೆದಿರುತ್ತದೆ.